ಚಳಿಯೆಂದು ಕೋಳಿಮನೆಯ ಕಿಂಡಿ ಮುಚ್ಚಬೇಡಿ

ಪ್ರಶ್ನೆ: ನಮಸ್ಕಾರ ಮೇಡಂ. ಮಿನೆಸೋಟದ ರಾಚೆಸ್ಟರ್ ಊರಾಚೆ ನಮ್ಮ ಮನೆ. ಹತ್ತು ಹೇಂಟೆ, ಒಂದು ಹುಂಜ ಸಾಕಿದ್ದೇವೆ. ಗೂಡು ಎಂಟಡಿ ಉದ್ದ, ಆರಡಿ ಅಗಲ, ಏಳಡಿ ಎತ್ತರವಿದೆ. ಈ ಸಲ ಅರಕಲಗೂಡಿನಿಂದ ಅಪ್ಪ ಬಂದಿದ್ದಾರೆ. ಹೊರಗೆ ಮೈನಸ್ 20 ಡಿಗ್ರಿಗೆ ಇಳಿದಾಗ ಅವರಿಗೆ ಕೋಳಿಗಳದೇ ಚಿಂತೆಯಾಯಿತು. ಸೂರಿನ ಕೆಳಗಿನ ಸಂದುಗಳಿಗೆಲ್ಲ ಹಳೆಯ ಕಂಬಳಿ ತುರುಕಿ, ಕಿಟಕಿಗೆ ಪ್ಲಾಸ್ಟಿಕ್ ಹೊದಿಸಿದರು. ಈಗ ಬೆಳಿಗ್ಗೆ ಬಾಗಿಲು ತೆರೆದರೆ ಕಣ್ಣು ಉರಿಯುತ್ತದೆ. ಕಿಟಕಿ ಗಾಜಿನ ಒಳಮೈಯಲ್ಲಿ ಮಂಜುಗಡ್ಡೆ ಕಟ್ಟಿರುತ್ತದೆ. ಹುಂಜದ ಜುಟ್ಟಿನ ತುದಿ ಕಪ್ಪಾಗಿದೆ. ಗೂಡನ್ನು ಇನ್ನೂ ಬೆಚ್ಚಗೆ ಮಾಡಬೇಕೆ? ಸಂದು ತೆರೆದರೆ ಕೋಳಿಗಳು ಚಳಿಗೆ ಸಾಯುವುದಿಲ್ಲವೆ?
– ಓದುಗರೊಬ್ಬರು, ರಾಚೆಸ್ಟರ್, ಮಿನೆಸೋಟ

ಉತ್ತರ: ಪತ್ರ ಓದಿ ಮುಗಿಸಿದ ಕೂಡಲೇ ಹೋಗಿ ಆ ಕಂಬಳಿಗಳನ್ನು ಎಳೆದು ತೆಗೆಯಿರಿ. ವಿವರವನ್ನು ಆಮೇಲೆ ಓದಿದರೂ ನಡೆಯುತ್ತದೆ.

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಕೋಳಿಗೆ ಸೆಕೆಯಿಂದ ಆಗುವ ತೊಂದರೆಗಳ ಬಗ್ಗೆ ಎಷ್ಟೋ ಪಾಠ ಕೇಳಿದ್ದೆ, ಚಳಿಯ ಮಾತು ಬಂದದ್ದು ಮರಿಗಳ ಸಾಕಣೆಯಲ್ಲಿ ಮಾತ್ರ. ಮದುವೆಯಾಗಿ ಮಿನೆಸೋಟಕ್ಕೆ ಬಂದು, ಇಲ್ಲಿಯೇ ಹಳ್ಳಿಯಲ್ಲಿ ನೆಲೆಸಿ, ನನ್ನದೇ ಗೂಡು ಕಟ್ಟಿಕೊಂಡ ಮೇಲೆ ಈ ನಾಡಿನ ಚಳಿ ಕೋಳಿಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ತಿಳಿಯಿತು. ಬೆಳೆದ, ಗರಿ ತುಂಬಿದ, ಹೊಟ್ಟೆ ತುಂಬಿದ ಕೋಳಿ ಒಣ ಚಳಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಅದರ ಮೈಯ ಉಷ್ಣತೆಯೇ 41 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು. ಚಳಿಯಾದಾಗ ಗರಿ ಉಬ್ಬಿಸಿ, ಒಳಪುಕ್ಕಗಳ ನಡುವೆ ಗಾಳಿ ಹಿಡಿದಿಟ್ಟು, ಆ ಗಾಳಿಯಿಂದಲೇ ಬೆಚ್ಚಗಿರುತ್ತದೆ. ಪುಕ್ಕ ತೇವವಾದರೆ ಈ ಉಪಾಯ ಕೆಲಸ ಮಾಡುವುದಿಲ್ಲ. ನಿಮ್ಮ ಗೂಡಿನಲ್ಲಿ ಈಗ ಇರುವ ಶತ್ರು ತೇವ.

ಆ ತೇವ ಎಲ್ಲಿಂದ ಬಂತು? ಕೋಳಿಗಳಿಂದಲೇ. ಒಂದು ಮೊಟ್ಟೆಕೋಳಿ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. ಅದರಲ್ಲಿ ಸ್ವಲ್ಪ ಮೊಟ್ಟೆಯೊಳಗೆ ಹೋಗುತ್ತದೆ, ಉಳಿದದ್ದು ಉಸಿರು ಮತ್ತು ಹಿಕ್ಕೆಯ ಮೂಲಕ ಹೊರಬರುತ್ತದೆ. ಹಸಿ ಹಿಕ್ಕೆಯ ಮುಕ್ಕಾಲು ಪಾಲು ನೀರೇ. ಹಿಮ ಬಿದ್ದಾಗ ನಿಮ್ಮ ಕೋಳಿಗಳು ಹೊರಗೆ ಕಾಲಿಡಲು ಒಪ್ಪುವುದಿಲ್ಲ ಎಂದಾದರೆ, ಹನ್ನೊಂದು ಕೋಳಿಗಳು ದಿನವೊಂದಕ್ಕೆ ಎರಡು ಲೀಟರ್‌ನಷ್ಟು ನೀರನ್ನು ಆ ಪುಟ್ಟ ಕೋಣೆಯೊಳಗೇ ಬಿಡುತ್ತವೆ.

ಈಗ ಒಂದು ಲೆಕ್ಕ ಹೇಳುತ್ತೇನೆ, ತಂದೆಯವರಿಗೂ ಓದಿ ಹೇಳಿ. ಸೊನ್ನೆ ಡಿಗ್ರಿಯಲ್ಲಿರುವ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 5 ಗ್ರಾಂನಷ್ಟು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಮೈನಸ್ 20 ಡಿಗ್ರಿಯ ಗಾಳಿಯಲ್ಲಿ ಸುಮಾರು 1 ಗ್ರಾಂ ಮಾತ್ರ ಹಿಡಿಯುತ್ತದೆ. ಅಂದರೆ ಹೊರಗಿನ ಗಾಳಿ ಒಳಗೆ ಬಂದು ಕೋಳಿಗಳ ಮೈಬಿಸಿಗೆ ಸೊನ್ನೆ ಡಿಗ್ರಿಯವರೆಗೆ ಕಾದರೂ, ಹೊರಗೆ ಹೋಗುವಾಗ ಪ್ರತಿ ಘನ ಮೀಟರ್ 4 ಗ್ರಾಂ ತೇವವನ್ನಷ್ಟೇ ಹೊತ್ತೊಯ್ಯಬಲ್ಲದು. ಒಂದು ಲೀಟರ್ ನೀರು ಹೊರಗೆ ಹೋಗಬೇಕಾದರೆ 250 ಘನ ಮೀಟರ್ ಗಾಳಿ ಬೇಕು. ನಿಮ್ಮ ಗೂಡಿನಲ್ಲಿ ಹಿಡಿಯುವ ಗಾಳಿ 10 ಘನ ಮೀಟರ್‌ಗೂ ಕಡಿಮೆ. ಒಂದೇ ಒಂದು ಲೀಟರ್‌ಗಾಗಿ ಗೂಡಿನ ಗಾಳಿ ಇಪ್ಪತ್ತೈದು ಸಲಕ್ಕಿಂತ ಹೆಚ್ಚು ಪೂರ್ತಿ ಬದಲಾಗಬೇಕು. ಒಳಗೆ ಸೊನ್ನೆಗಿಂತ ತಣ್ಣಗಿದ್ದರೆ ಇನ್ನೂ ಹೆಚ್ಚು ಸಲ. ಎಲ್ಲ ಸಂದುಗಳನ್ನೂ ಮುಚ್ಚಿದರೆ ಆ ನೀರಿಗೆ ಹೋಗಲು ದಾರಿಯೇ ಇಲ್ಲ. ಅದು ಗಾಜಿನ ಮೇಲೆ, ಚಾವಣಿಯ ಹಲಗೆಯ ಮೇಲೆ, ಕೊನೆಗೆ ಹುಂಜದ ಜುಟ್ಟಿನ ಮೇಲೆ ಕೂರುತ್ತದೆ. ಕಪ್ಪಾದ ತುದಿಗೆ ಚಳಿಯ ಜೊತೆ ಈ ತೇವ ಸೇರಿದ್ದೇ ಕಾರಣ. ಇದನ್ನೇ ಫ್ರಾಸ್ಟ್‌ಬೈಟ್ ಎನ್ನುತ್ತೇವೆ.

ನಿಮ್ಮ ಕಣ್ಣು ಉರಿಯುವುದು ಹಿಕ್ಕೆಯಿಂದ ಏಳುವ ಅಮೋನಿಯಾದಿಂದ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅಮೋನಿಯಾ 25 ಭಾಗ ದಾಟಬಾರದು ಎಂಬುದು ಕೋಳಿಸಾಕಣೆಯಲ್ಲಿ ಸಾಮಾನ್ಯವಾಗಿ ಒಪ್ಪುವ ಮಿತಿ. ಕಣ್ಣು ಉರಿಯುವಷ್ಟಿದ್ದರೆ ಆ ಮಿತಿ ಆಗಲೇ ದಾಟಿದೆ ಎಂದು ತಿಳಿಯಿರಿ. ಕೋಳಿಯ ಶ್ವಾಸನಾಳದ ಒಳಗೋಡೆಯಲ್ಲಿ ಧೂಳು, ರೋಗಾಣುಗಳನ್ನು ಹೊರಗೆ ತಳ್ಳುವ ನವಿರಾದ ರೋಮಗಳಿರುತ್ತವೆ. ಅಮೋನಿಯಾ ಮೊದಲು ಕೆಡಿಸುವುದು ಇವನ್ನೇ. ಆಮೇಲೆ ಶೀತ, ಕೆಮ್ಮು, ಗೊರಗೊರ ಉಸಿರು ಎಲ್ಲವೂ ಬರುತ್ತವೆ. ನಮ್ಮ ಪಕ್ಕದ ಜಮೀನಿನ ಹಿರಿಯ ರೈತರು ಮೊದಲ ಚಳಿಗಾಲದಲ್ಲೇ ನನಗೆ ಒಂದು ಮಾತು ಹೇಳಿದ್ದರು: ಗೂಡಿನೊಳಗೆ ನಿಂತು ಮೂಸಿದರೆ ಸಾಲದು, ಕುಕ್ಕರಗಾಲಿನಲ್ಲಿ ಕುಳಿತು ಕೋಳಿಯ ಮೂಗು ಇರುವ ಎತ್ತರದಲ್ಲಿ ಮೂಸಿ ನೋಡಬೇಕು. ಪಶುವೈದ್ಯೆಯಾದ ನಾನು ಇಂದಿಗೂ ಉಪಕರಣಕ್ಕಿಂತ ಮೊದಲು ಈ ಪರೀಕ್ಷೆಯನ್ನೇ ಮಾಡುತ್ತೇನೆ.

ಹಾಗಾದರೆ ಎಷ್ಟು ತೆರೆಯಬೇಕು, ಎಲ್ಲಿ ತೆರೆಯಬೇಕು? ಇಲ್ಲಿನ ಸಾಕಣೆಗಾರರ ರೂಢಿಯ ಲೆಕ್ಕ ಕೋಳಿಗೆ ಒಂದು ಚದರ ಅಡಿ ಕಿಂಡಿ. ನಿಮಗೆ ಹನ್ನೊಂದು ಚದರ ಅಡಿ. ಇದು ವರ್ಷವಿಡೀ ಬೇಕಾಗುವ ಒಟ್ಟು ಲೆಕ್ಕ. ಗಾಳಿ ಬೀಸುವ ಕಡುಚಳಿಯ ರಾತ್ರಿಯಲ್ಲಿ ಅದರ ಅರ್ಧದಷ್ಟು ತೆರೆದಿದ್ದರೆ ಸಾಕಾಗಬಹುದು. ಎಷ್ಟು ಬೇಕೆಂಬುದನ್ನು ಬೆಳಗಿನ ಗಾಜು ನಿಮಗೆ ಹೇಳುತ್ತದೆ. ನಿಮ್ಮ ಗೂಡಿನ ಎರಡೂ ಉದ್ದ ಗೋಡೆಗಳಲ್ಲಿ, ಸೂರಿನ ಕೆಳಗೆ, ಎಂಟಡಿ ಉದ್ದಕ್ಕೂ ಆರು ಅಂಗುಲ ಎತ್ತರದ ಕಿಂಡಿ ಬಿಟ್ಟರೆ ಒಂದೊಂದು ಕಡೆ ನಾಲ್ಕು ಚದರ ಅಡಿ ಸಿಗುತ್ತದೆ. ಮಿಕ್ಕದ್ದನ್ನು ತ್ರಿಕೋನ ಗೋಡೆಗಳ ತುದಿಯಲ್ಲಿ ಬಿಡಿ. ನಮ್ಮ ಮಲೆನಾಡಿನ ಹಳೆಯ ಅಡುಗೆಮನೆಗಳಲ್ಲಿ ಹೊಗೆ ಹೋಗಲೆಂದು ಹೆಂಚಿನ ಕೆಳಗೆ ಸಂದು ಬಿಡುತ್ತಿದ್ದರಲ್ಲ, ಇದರ ಕೆಲಸವೂ ಅದೇ: ಬಿಸಿಯಾದದ್ದು ಮೇಲೇರಿ ತಾನೇ ಹೊರಗೆ ಹೋಗುತ್ತದೆ, ಯಾವ ಫ್ಯಾನೂ ಬೇಡ.

ಕಿಂಡಿ ಕೋಳಿಗಳು ಕೂರುವ ಅಡ್ಡೆಗಿಂತ ಚೆನ್ನಾಗಿ ಮೇಲಿರಬೇಕು, ಎರಡಡಿ ಅಂತರವಿದ್ದರೆ ಒಳ್ಳೆಯದು. ಅಡ್ಡೆಯ ಮಟ್ಟದಿಂದ ಕೆಳಗೆ ಮಾತ್ರ ಗಾಳಿ ನುಸುಳುವ ಬಿರುಕುಗಳನ್ನು ಮುಚ್ಚಿ. ತಂದೆಯವರ ಕಂಬಳಿಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ. ಬಾಗಿಲಿನ ಅಡಿ, ಮೊಟ್ಟೆಪೆಟ್ಟಿಗೆಯ ಹಿಂದಿನ ಸಂದು, ನೆಲದ ಹಲಗೆಗಳ ಕೂಡು, ಇವನ್ನೆಲ್ಲ ಬಿಗಿಯಾಗಿ ಮುಚ್ಚಲಿ. ಮೈಗೆ ನೇರವಾಗಿ ಬಡಿಯುವ ಗಾಳಿ ಪುಕ್ಕಗಳ ನಡುವಿನ ಬೆಚ್ಚನೆಯ ಗಾಳಿಯನ್ನು ಕಿತ್ತೊಯ್ಯುತ್ತದೆ. ಅದನ್ನು ತಡೆಯುವುದು ಬಹಳ ಮುಖ್ಯ.

ಗಾಳಿಯ ದಾರಿ ಸರಿಯಿದೆಯೇ ಎಂದು ನೋಡಲು ಊದುಬತ್ತಿ ಸಾಕು. ಸಂಜೆ ಕೋಳಿಗಳು ಅಡ್ಡೆ ಏರಿದ ಮೇಲೆ ಅವುಗಳ ಪಕ್ಕದಲ್ಲಿ ಒಂದನ್ನು ಹಿಡಿದುಕೊಂಡು ನಿಲ್ಲಿ. ಹೊಗೆ ನಿಧಾನವಾಗಿ ಮೇಲೇರಿ ಕಿಂಡಿಯ ಕಡೆಗೆ ಹೋದರೆ ಸರಿ. ಅಡ್ಡೆಯ ಮಟ್ಟದಲ್ಲೇ ಅಡ್ಡಡ್ಡ ಓಡಿದರೆ ಎಲ್ಲೋ ಕೆಳಗೆ ಬಿರುಕಿದೆ. ಮೇಲೇರಿ ಅಲ್ಲೇ ಸುತ್ತುತ್ತಿದ್ದರೆ ಕಿಂಡಿ ಸಾಲದು. ಕೆಳಗೆ ನೆಲಕ್ಕೆ ಹಾಸಿದ ಒಣ ಹೊಟ್ಟು ಇರುತ್ತದೆ, ಆದ್ದರಿಂದ ಕಿಡಿ ಬೀಳದಂತೆ ತಟ್ಟೆ ಹಿಡಿದುಕೊಳ್ಳಿ. ಊದುಬತ್ತಿಯನ್ನು ಹೊರಗೆ ತಂದು ಹಿಮದಲ್ಲಿ ಚುಚ್ಚಿ ಆರಿಸಿ.

ಕಿಂಡಿಗೆ ಅರ್ಧ ಅಂಗುಲದ ಗಟ್ಟಿ ಚೌಕ ಜಾಲರಿ ಹೊಡೆಯಿರಿ. ಕೋಳಿಬಲೆಯೆಂದು ಮಾರುವ ತೆಳು ಷಟ್ಕೋನದ ತಂತಿ ಬೇಡ, ರಕೂನ್ ಅದನ್ನು ಹರಿಯುತ್ತದೆ, ಮುಂಗುಸಿಯಂಥ ಪುಟ್ಟ ಬೇಟೆಪ್ರಾಣಿ ವೀಸಲ್ ಅದರೊಳಗೆ ನುಸುಳುತ್ತದೆ. ಗುಬ್ಬಚ್ಚಿಗಳೂ ಒಳಗೆ ಬರಬಾರದು. 2015ರಲ್ಲಿ, ಮತ್ತೆ 2022ರಿಂದೀಚೆಗೆ ಹಕ್ಕಿಜ್ವರ ಈ ರಾಜ್ಯದ ಟರ್ಕಿ ಸಾಕಣೆಗಾರರಿಗೆ ಕೊಟ್ಟ ಪೆಟ್ಟನ್ನು ನೋಡಿದವಳು ನಾನು. ಕಾಡುಹಕ್ಕಿಗೂ ಕೋಳಿಗೂ ನಡುವೆ ಜಾಲರಿ ಇರಲೇಬೇಕು. ನಿಮ್ಮ ಕಡೆ ಚಳಿಗಾಲದ ಬಿರುಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಆ ಬದಿಯ ಕಿಂಡಿಗೆ ಕೀಲಿರುವ ಹಲಗೆ ಇಟ್ಟುಕೊಂಡರೆ ಬಿರುಗಾಳಿಯ ದಿನ ಇಳಿಸಬಹುದು. ಪುಡಿಹಿಮ ಒಳಗೆ ತೂರಿದರೆ ಜಾಲರಿಯ ಮೇಲೆ ಗೋಣಿತಾಟು ಬಿಗಿಯಿರಿ. ಅದು ಹಿಮವನ್ನು ತಡೆದು ಗಾಳಿಯನ್ನು ಬಿಡುತ್ತದೆ. ತಾಟು ತೇವವಾಗಿ ಮಂಜುಗಟ್ಟಿದರೆ ಬದಲಾಯಿಸಿ.

ಕೂರುವ ಅಡ್ಡೆ ದುಂಡು ಕೋಲಾಗಿದ್ದರೆ ಅದನ್ನೂ ಬದಲಿಸಿ. ಮರದಂಗಡಿಯಲ್ಲಿ ಸಿಗುವ ಟು ಬೈ ಫೋರ್ (ಹೆಸರಿಗೆ ಎರಡಂಗುಲ ದಪ್ಪ, ನಾಲ್ಕಂಗುಲ ಅಗಲದ) ಪಟ್ಟಿಯ ಅಗಲವಾದ ಮೈ ಮೇಲೆ ಬರುವಂತೆ ಹೊಡೆದರೆ ಕೋಳಿ ಪಾದವನ್ನು ಚಪ್ಪಟೆಯಾಗಿ ಊರಿ, ಎದೆಯ ಗರಿಯಿಂದ ಬೆರಳುಗಳನ್ನೆಲ್ಲ ಮುಚ್ಚಿಕೊಂಡು ಮಲಗುತ್ತದೆ. ಅಡ್ಡೆಯ ಕೆಳಗೆ ಒಂದು ಹಲಗೆ ಇಡಿ. ರಾತ್ರಿ ಬೀಳುವ ಹಿಕ್ಕೆ ಬೆಳಿಗ್ಗೆ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ, ಕೆರೆದು ಬಕೆಟ್ಟಿಗೆ ಹಾಕಿ ಹೊರಗೆ ಸಾಗಿಸುವುದು ಎರಡು ನಿಮಿಷದ ಕೆಲಸ. ಅದು ಕರಗಿ ಆವಿಯಾಗುವ ಮೊದಲೇ ಹೊರಗೆ ಹೋಯಿತು ಎಂದರೆ ಅಷ್ಟು ತೇವ, ಅಷ್ಟು ಅಮೋನಿಯಾ ಕಡಿಮೆಯಾದಂತೆ. ನೀರಿನ ಪಾತ್ರೆಯನ್ನೂ ರಾತ್ರಿ ಹೊರಗಿಡಿ, ಕತ್ತಲಲ್ಲಿ ಕೋಳಿ ನೀರು ಕುಡಿಯುವುದಿಲ್ಲ.

ಗೋಡೆಗೆ ಒಳಪದರ ಹಾಕಿಸಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಖಂಡಿತ ಹಾಕಿಸಿ, ಚಾವಣಿಗೆ ಮೊದಲು. ಒಳಮೈ ತೀರಾ ತಣ್ಣಗಾಗದಿದ್ದರೆ ಅಲ್ಲಿ ಹನಿ ಕೂರುವುದಿಲ್ಲ. ಥರ್ಮೋಕೋಲ್‌ನಂಥ ಹಾಳೆಗಳನ್ನು ಬಳಸಿದರೆ ಮೇಲೆ ಪ್ಲೈವುಡ್ ಹೊಡೆಯಲೇಬೇಕು, ಇಲ್ಲದಿದ್ದರೆ ಕೋಳಿಗಳು ಕುಕ್ಕಿ ತಿನ್ನುತ್ತವೆ.

2019ರ ಜನವರಿ 30ರಂದು ಮಿನಿಯಾಪೊಲಿಸ್‌ನಲ್ಲಿ ಮೈನಸ್ 33 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಆ ರಾತ್ರಿಯೂ ನಾನು ಗಾಳಿಗೆದುರಾದ ಕಿಂಡಿಯನ್ನಷ್ಟೇ ಇಳಿಸಿ, ದಕ್ಷಿಣದ ಕಿಂಡಿಯನ್ನು ತೆರೆದೇ ಇಟ್ಟಿದ್ದೆ. ಸಂಜೆ ಎಂದಿನ ಆಹಾರದ ಮೇಲೆ ಒಂದಿಷ್ಟು ಒಡೆದ ಮೆಕ್ಕೆಜೋಳ ಹಾಕಿದೆ, ಜೀರ್ಣವಾಗುವಾಗ ಅದು ಮೈಗೆ ಶಾಖ ಕೊಡುತ್ತದೆ. ಬೆಳಿಗ್ಗೆ ಎಲ್ಲವೂ ಅಡ್ಡೆಯಿಂದ ಇಳಿದು ಕೆದಕುತ್ತಿದ್ದವು.

ಇನ್ನು ಹುಂಜದ ಜುಟ್ಟು. ಕಪ್ಪಾದ ಭಾಗವನ್ನು ತಿಕ್ಕಬೇಡಿ, ಕತ್ತರಿಸಬೇಡಿ. ಅದು ಕೆಳಗಿನ ಜೀವಂತ ಭಾಗಕ್ಕೆ ಹೊದಿಕೆಯಂತಿದ್ದು, ವಾರಗಳಲ್ಲಿ ಒಣಗಿ ತಾನೇ ಉದುರುತ್ತದೆ. ಊದಿಕೊಂಡರೆ, ಕೀವು ಅಥವಾ ದುರ್ವಾಸನೆ ಬಂದರೆ ಹತ್ತಿರದ ಪಶುವೈದ್ಯರಿಗೆ ತೋರಿಸಿ. ವ್ಯಾಸಲಿನ್ ಹಚ್ಚುವ ಅಭ್ಯಾಸ ಇಲ್ಲಿ ಬಹಳ ಜನರಿಗಿದೆ. ತೇವ ತುಂಬಿದ ಗೂಡಿನಲ್ಲಿ ಅದನ್ನು ನಂಬಿ ಕೂರಬೇಡಿ. ಪೆಟ್ಟು ತಿಂದ ಹುಂಜದಿಂದ ಕೆಲವು ಕಾಲ ಮೊಟ್ಟೆಗಳು ಫಲಿತವಾಗದೆ ಇರಬಹುದು, ಮರಿ ಮಾಡಿಸುವ ಯೋಚನೆಯಿದ್ದರೆ ವಸಂತ ಕಳೆಯುವವರೆಗೆ ಕಾಯಿರಿ.

ಪ್ರಶ್ನೆ: ಅಕ್ಕಾ, ಕ್ಯಾಲ್ಗರಿಯಲ್ಲಿ ನಗರಸಭೆಯ ಅನುಮತಿ ಪಡೆದು ನಾಲ್ಕು ಹೇಂಟೆ ಸಾಕಿದ್ದೇನೆ. ಅಂಗಡಿಯಿಂದ ತಂದ ಸಣ್ಣ ಸಿದ್ಧ ಗೂಡು. ಶಾಖಕ್ಕೆ 250 ವಾಟ್‌ನ ಕೆಂಪು ದೀಪ ತೂಗು ಹಾಕಬಹುದೆ? ವಿಚಿತ್ರವೆಂದರೆ ಕಡುಚಳಿಯಲ್ಲಿ ಚೆನ್ನಾಗಿದ್ದ ಕೋಳಿಗಳ ಜುಟ್ಟು ಬಿಸಿಗಾಳಿ ಬಂದುಹೋದ ಮೇಲೆ ಕಪ್ಪಾಯಿತು.
– ಓದುಗರೊಬ್ಬರು, ಕ್ಯಾಲ್ಗರಿ, ಆಲ್ಬರ್ಟ

ಉತ್ತರ: ತಮ್ಮಾ, ಆ ದೀಪವನ್ನು ಗೂಡಿನೊಳಗೆ ತರಬೇಡ. ಒಣ ಹೊಟ್ಟು, ತೇಲಾಡುವ ಪುಕ್ಕ, ರೆಕ್ಕೆ ಬಡಿಯುವ ಕೋಳಿ, ಕೊಕ್ಕೆಯೊಂದಕ್ಕೆ ತೂಗುವ ಕಾದ ಗಾಜು. ಇಲ್ಲಿ ಪ್ರತಿ ಚಳಿಗಾಲ ಕೋಳಿಮನೆಗಳು ಉರಿದುಹೋಗುವುದು ಹೀಗೆಯೇ. ಎಷ್ಟೋ ಸಲ ಪಕ್ಕದ ಮನೆಗೂ ಬೆಂಕಿ ಹತ್ತುತ್ತದೆ. ಇನ್ನೊಂದು ತೊಂದರೆಯೂ ಇದೆ: ದೀಪದ ಬಿಸಿಗೆ ಒಗ್ಗಿದ ಕೋಳಿಗಳು ವಿದ್ಯುತ್ ಹೋದ ಒಂದೇ ರಾತ್ರಿಯಲ್ಲಿ ತೀರಾ ಕಷ್ಟಪಡುತ್ತವೆ.

ನಿನ್ನ ಎರಡನೆಯ ಗಮನಿಕೆ ಬಹಳ ಸರಿಯಾದದ್ದು. ರಾಕಿ ಪರ್ವತಗಳಿಂದ ಇಳಿದು ಬರುವ ಚಿನೂಕ್ ಗಾಳಿ ಕೆಲವೇ ಗಂಟೆಗಳಲ್ಲಿ ನಿಮ್ಮೂರಿನ ತಾಪಮಾನವನ್ನು ಇಪ್ಪತ್ತು ಡಿಗ್ರಿಯಷ್ಟು ಏರಿಸುತ್ತದೆ. ಚಾವಣಿಯ ಒಳಮೈಗೆ ದಿನಗಟ್ಟಲೆ ಅಂಟಿದ್ದ ಮಂಜು ಆಗ ಕರಗಿ ಕೋಳಿಗಳ ತಲೆಯ ಮೇಲೆ, ಹೊಟ್ಟಿನ ಮೇಲೆ ತೊಟ್ಟಿಕ್ಕುತ್ತದೆ. ಗಾಳಿ ನಿಂತ ರಾತ್ರಿ ಮತ್ತೆ ಎಲ್ಲ ಹೆಪ್ಪುಗಟ್ಟುತ್ತದೆ. ಜುಟ್ಟು ಕಪ್ಪಾಗುವುದು ಆ ರಾತ್ರಿಯೇ. ಆದ್ದರಿಂದ ಚಾವಣಿಯಲ್ಲಿ ಮಂಜು ಕಂಡ ದಿನವೇ ಕೈಯಿಂದ ಕೆರೆದು ಹೊರಗೆ ಚೆಲ್ಲು. ಚಿನೂಕ್ ಬಂದ ಮಧ್ಯಾಹ್ನ ಬಾಗಿಲು, ಕಿಂಡಿ ಎಲ್ಲವನ್ನೂ ತೆರೆದಿಟ್ಟು, ಒದ್ದೆ ಹೊಟ್ಟನ್ನು ತೆಗೆದು ಒಣಗಿದ್ದನ್ನು ಹರಡು.

ಸಿದ್ಧ ಗೂಡುಗಳ ದೊಡ್ಡ ಕೊರತೆ ಎತ್ತರ. ಅಡ್ಡೆ ಮತ್ತು ಚಾವಣಿಯ ನಡುವೆ ಒಂದಡಿಯೂ ಇರುವುದಿಲ್ಲ, ಆಗ ಎಲ್ಲಿ ಕಿಂಡಿ ಕೊರೆದರೂ ಗಾಳಿ ತಲೆಗೇ ತಾಗುತ್ತದೆ. ಅಡ್ಡೆಯನ್ನು ಸಾಧ್ಯವಾದಷ್ಟು ತಗ್ಗಿಸಿ, ಕಿಂಡಿಯನ್ನು ತುದಿಯಲ್ಲಿ ಕೊರೆಸು. ಮುಂದೆ ಹೊಸ ಕೋಳಿ ತರುವುದಾದರೆ ಜುಟ್ಟು ನೋಡಿ ತಾ. ಲೆಗ್‌ಹಾರ್ನ್‌ನಂಥ ಎತ್ತರದ ಒಂಟಿ ಜುಟ್ಟಿನ ತಳಿಗಳು ಬೇಗ ಪೆಟ್ಟು ತಿನ್ನುತ್ತವೆ. ವಯಾಂಡಾಟ್ ತಳಿಯ ಜುಟ್ಟು ತಲೆಗೆ ಒತ್ತಿಕೊಂಡಿರುತ್ತದೆ. ಕೆನಡದ್ದೇ ಆದ ಶಾಂಟೆಕ್ಲೇರ್ ತಳಿಯನ್ನು ಕ್ವಿಬೆಕ್‌ನ ಓಕಾ ಮಠದ ಬ್ರದರ್ ವಿಲ್ಫ್ರಿಡ್ ಶಾಟ್‌ಲೇನ್ ಎಂಬ ಸನ್ಯಾಸಿ ಕಳೆದ ಶತಮಾನದ ಆರಂಭದಲ್ಲಿ ಈ ಚಳಿಗೆಂದೇ ಬೆಳೆಸಿದರು. ಅದರ ಜುಟ್ಟು, ಗದ್ದದ ಜೋಲು ಎರಡೂ ತೀರಾ ಪುಟ್ಟವು, ಹೆಪ್ಪುಗಟ್ಟಲು ಅಲ್ಲಿ ಹೆಚ್ಚೇನೂ ಇಲ್ಲ. ನನಗೆ ಬಹಳ ಇಷ್ಟವಾದ ತಳಿ ಅದು. ನಾನು ಸಾಕಿದ ಶಾಂಟೆಕ್ಲೇರ್ ಹೇಂಟೆಗಳು ಜನವರಿಯಲ್ಲೂ ಮೊಟ್ಟೆ ಕೊಟ್ಟಿವೆ.

ಪ್ರಶ್ನೆ: ಮೇಡಂ, ನಾನು ಬೆಳಗಾವಿ ಜಿಲ್ಲೆಯವನು, ಸೇನೆಯಲ್ಲಿದ್ದು ಈಗ ಲೇಹ್‌ನಲ್ಲಿದ್ದೇನೆ. ಇಲ್ಲಿ ಪರಿಚಯದ ಕುಟುಂಬವೊಂದು ಮುಚ್ಚಿದ ಕೋಣೆಯಲ್ಲಿ ಬುಖಾರಿ (ಕೋಣೆ ಬೆಚ್ಚಗಿಡುವ, ಹೊಗೆಕೊಳವೆಯಿರುವ ಒಲೆ) ಹಚ್ಚಿ ಬ್ರಾಯ್ಲರ್ ಸಾಕುತ್ತಿದೆ. ತಿಂಗಳು ತುಂಬುವ ಹೊತ್ತಿಗೆ ಕೆಲವು ಕೋಳಿಗಳ ಹೊಟ್ಟೆಯಲ್ಲಿ ನೀರು ತುಂಬಿ ಸಾಯುತ್ತವೆ. ಇದು ಚಳಿಯಿಂದಲೇ?
– ಓದುಗರೊಬ್ಬರು, ಲೇಹ್

ಉತ್ತರ: ಚಳಿಯ ಪಾಲು ಇದೆ, ಆದರೆ ಮುಖ್ಯ ಕಾರಣ ಆಮ್ಲಜನಕದ ಕೊರತೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಪಾಲು ಕಡಿಮೆ. ಬ್ರಾಯ್ಲರ್ ಅತಿ ವೇಗವಾಗಿ ಬೆಳೆಯುವ ಕೋಳಿ, ಅದರ ಹೃದಯ ಮತ್ತು ಶ್ವಾಸಕೋಶ ಆ ವೇಗಕ್ಕೆ ಸಮುದ್ರಮಟ್ಟದಲ್ಲೇ ಹೆಣಗುತ್ತವೆ. ಆಮ್ಲಜನಕ ಸಾಲದೆ ಹೃದಯದ ಬಲಭಾಗ ಸೋತಾಗ ರಕ್ತದ ದ್ರವ ಹೊಟ್ಟೆಯಲ್ಲಿ ಶೇಖರವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಬುಖಾರಿ ಉರಿದರೆ ಇದ್ದ ಆಮ್ಲಜನಕವನ್ನೂ ಅದು ಹಂಚಿಕೊಳ್ಳುತ್ತದೆ. ಹೊಗೆಕೊಳವೆ ಸೋರಿದರೆ ಕಾರ್ಬನ್ ಮೊನಾಕ್ಸೈಡ್ ಮನೆಯವರ ಜೀವಕ್ಕೂ ಅಪಾಯ. ಮೊದಲು ಆ ಕೊಳವೆಯನ್ನು ಪರೀಕ್ಷಿಸಲು ಹೇಳಿ.

ಲಡಾಖ್‌ನ ಗಾಳಿ ಮಿನೆಸೋಟಕ್ಕಿಂತ ಒಣ, ಬಿಸಿಲು ಧಾರಾಳ. ಆ ಬಿಸಿಲನ್ನೇ ಬಳಸಬೇಕು. ದಕ್ಷಿಣ ಗೋಡೆಗೆ ಗಾಜು ಅಥವಾ ಪಾರದರ್ಶಕ ಪಾಲಿಥೀನ್ ಹಾಕಿ, ಉತ್ತರದ ಗೋಡೆಯನ್ನು ದಪ್ಪ ಮಣ್ಣಿನ ಇಟ್ಟಿಗೆಯಿಂದ ಕಟ್ಟಿದರೆ ಹಗಲಿನ ಶಾಖ ರಾತ್ರಿಯವರೆಗೂ ಉಳಿಯುತ್ತದೆ. ಚಾವಣಿಯ ಹತ್ತಿರ ಕಿಂಡಿ ಹಗಲು ರಾತ್ರಿ ತೆರೆದಿರಬೇಕು. ಬ್ರಾಯ್ಲರ್ ಬದಲು ನಿಧಾನವಾಗಿ ಬೆಳೆಯುವ ತಳಿಗಳನ್ನು ಸಾಕುವುದು ಒಳ್ಳೆಯದು. ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ ಅಭಿವೃದ್ಧಿಪಡಿಸಿದ ವನರಾಜ ಅಂಥ ಒಂದು ತಳಿ. ಲೇಹ್‌ನಲ್ಲೇ ಡಿಆರ್‌ಡಿಒದ (ರಕ್ಷಣಾ ಸಂಶೋಧನಾ ಸಂಸ್ಥೆಯ) ಎತ್ತರ ಪ್ರದೇಶ ಸಂಶೋಧನಾ ಸಂಸ್ಥೆ ಇದೆ. ಆ ಕುಟುಂಬದವರನ್ನು ಅಲ್ಲಿಗೆ ಅಥವಾ ಪಶುಸಂಗೋಪನೆ ಇಲಾಖೆಗೆ ಒಮ್ಮೆ ಕರೆದುಕೊಂಡು ಹೋಗಿ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ಮೂಡಿಗೆರೆ ಹತ್ತಿರ ನಾಟಿಕೋಳಿ ಮರಿ ಸಾಕುತ್ತೇನೆ. ಡಿಸೆಂಬರ್ ಚಳಿಗೆ ಶೆಡ್ಡಿನ ಸುತ್ತ ಟಾರ್ಪಾಲಿನ್ ಕಟ್ಟಿ, ಒಳಗೆ ಇದ್ದಿಲ ಒಲೆ ಇಡುತ್ತೇನೆ. ಆದರೂ ಮರಿಗಳು ಸೊರಗುತ್ತವೆ, ಕಣ್ಣು ಮುಚ್ಚಿಕೊಂಡೇ ಇರುತ್ತವೆ. ವಾಸನೆಗೆ ಸುಣ್ಣ ಎರಚಿದರೂ ಕಡಿಮೆಯಾಗಿಲ್ಲ.
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಮರಿಗಳ ಲೆಕ್ಕ ಬೇರೆ. ಮೈತುಂಬ ಗರಿ ಬರುವವರೆಗೆ ಅವಕ್ಕೆ ಶಾಖ ಬೇಕೇ ಬೇಕು: ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಆದರೆ ಶಾಖ ಕೊಡಲು ಗಾಳಿಯನ್ನು ನಿಲ್ಲಿಸಬೇಕಾಗಿಲ್ಲ. ಇದ್ದಿಲ ಒಲೆಯನ್ನು ಇಂದೇ ಶೆಡ್ಡಿನಿಂದ ಹೊರಗಿಡಿ, ಸುತ್ತ ಟಾರ್ಪಾಲಿನ್ ಬಿಗಿದ ಶೆಡ್ಡಿನಲ್ಲಿ ಅದರ ವಿಷಾನಿಲ ಮರಿಗಳ ಜೊತೆಗೆ ನಿಮಗೂ ಅಪಾಯ. ತಗಡಿನ ಸುತ್ತುಗಟ್ಟಿನೊಳಗೆ ಭದ್ರವಾಗಿ ಸರಪಳಿಗೆ ಕಟ್ಟಿದ ಬಲ್ಬ್ ಅಥವಾ ಹೊಗೆ ಹೊರಹೋಗುವ ವ್ಯವಸ್ಥೆಯಿರುವ ಬ್ರೂಡರ್ (ಮರಿಗಳಿಗೆ ಶಾಖ ಕೊಡುವ ಸಾಧನ) ಬಳಸಿ. ಬಲ್ಬಿನ ಅಡಿ ಮರಿಗಳು ಒಂದರ ಮೇಲೊಂದು ಗುಂಪಾದರೆ ಶಾಖ ಸಾಲದು, ಅಂಚಿಗೆ ಓಡಿ ಬಾಯಿ ತೆರೆದು ಉಸಿರಾಡಿದರೆ ಹೆಚ್ಚಾಯಿತು. ಸುತ್ತುಗಟ್ಟಿನೊಳಗೆ ಸಮನಾಗಿ ಹರಡಿಕೊಂಡಿದ್ದರೆ ಥರ್ಮಾಮೀಟರ್ ನೋಡುವ ಅಗತ್ಯವೂ ಇಲ್ಲ.

ಒದ್ದೆಯಾದ ಭತ್ತದ ಹೊಟ್ಟಿಗೆ ಸುಣ್ಣ ಎರಚಿದರೆ ಅದರ ಕ್ಷಾರಗುಣದಿಂದ ಅಮೋನಿಯಾ ಇನ್ನೂ ಹೆಚ್ಚು ಏಳುತ್ತದೆ, ಮರಿಗಳಿರುವಾಗ ಅದು ಬೇಡ. ಗಟ್ಟಿಕಟ್ಟಿದ ಹೊಟ್ಟನ್ನು ತೆಗೆದು ಹೊಸದನ್ನು ಹಾಕಿ, ದಿನಕ್ಕೊಮ್ಮೆ ಕೆದಕಿ, ನೀರಿನ ತಟ್ಟೆಗಳು ಚೆಲ್ಲದಂತೆ ನೋಡಿಕೊಳ್ಳಿ.

ಟಾರ್ಪಾಲಿನ್ ಕಟ್ಟಿರುವ ರೀತಿಯನ್ನು ತಿರುಗಿಸಿ. ನೀವು ಬಹುಶಃ ಮೇಲೆ ಮೊಳೆ ಹೊಡೆದು ಕೆಳಕ್ಕೆ ಇಳಿಬಿಟ್ಟಿದ್ದೀರಿ. ಹಾಗಿದ್ದರೆ ಸ್ವಲ್ಪ ತೆರೆದಾಗಲೆಲ್ಲ ಗಾಳಿ ನೇರ ಮರಿಗಳ ಮೈಗೆ ಬಡಿಯುತ್ತದೆ, ಅದಕ್ಕೆ ಹೆದರಿ ಮತ್ತೆ ಪೂರ್ತಿ ಮುಚ್ಚುತ್ತೀರಿ. ಕೆಳಗಿನ ಅಂಚನ್ನು ಅರೆಗೋಡೆಗೆ ಬಿಗಿದು, ಮೇಲಿನ ಅಂಚಿಗೆ ಹಗ್ಗ ಹಾಕಿ ರಾಟೆಯ ಮೇಲೆ ಎಳೆಯುವಂತೆ ಮಾಡಿ. ಚಳಿಯ ರಾತ್ರಿಯಲ್ಲೂ ಮೇಲೆ ಒಂದಡಿ ತೆರೆದಿರಲಿ, ಬಿಸಿಲೇರಿದ ಮೇಲೆ ಹಗ್ಗ ಸಡಿಲಿಸಿ ಅರ್ಧಕ್ಕೆ ಇಳಿಸಿ.